ಪೊನ್ನಂಪೇಟೆಯಲ್ಲಿ ಹದಿನೈದು ನಿಮಿಷ

ಬೆಳ್ಳಿಯಪ್ಪನ ಹೆಸರು ಯಾರಾದರೂ ಎತ್ತಿದರೆ ಇಂದಿಗೂ ನನ್ನ ಮೈ ಉರಿಯುತ್ತದೆ. ಮೊದಲೇ ಹೇಳಿಬಿಡುತ್ತೇನೆ, ನಾನು ಸಮಾಧಾನದ ಮನುಷ್ಯನಲ್ಲ. ಕಾಯುವುದೆಂದರೆ ನನಗೆ ಆಗದು. ನಮ್ಮಮ್ಮ ಹುಚ್ಚಮ್ಮ ಊರಿಗೆಲ್ಲ ಹೇಳಿಕೊಂಡು ಬರುತ್ತಿದ್ದಳು, "ಇವ್ನು ಏಳ್ ತಿಂಗ್ಳಿಗೇ ಹುಟ್ಟಿದೋನು ಕಣ್ರವ್ವ, ಹೊಟ್ಟೆಯೊಳ್ಗೂ ಕಾಯ್ಲಿಲ್ಲ" ಎಂದು. ಅಂಥವನ ಹಣೆಯಲ್ಲಿ ಬ್ರಹ್ಮ ಬಸ್ ಕಂಡಕ್ಟರ್ ಕೆಲಸ ಬರೆದ. ಅದು ಸಾಲದು ಎಂದು ಬೆಳ್ಳಿಯಪ್ಪನನ್ನೂ ಬರೆದ.

ಆಗ ಕೊಡಗು ಇನ್ನೂ ಮೈಸೂರಿಗೆ ಸೇರಿರಲಿಲ್ಲ. ಮಡಿಕೇರಿಯಲ್ಲೇ ನಮ್ಮ ಸರ್ಕಾರ, ಅಲ್ಲೇ ಎಲ್ಲ ಆಫೀಸುಗಳು. ದಕ್ಷಿಣದ ಹಳ್ಳಿಗಳವರು ಒಂದು ಸಹಿಗೂ ಮಡಿಕೇರಿಗೇ ಹೋಗಬೇಕು. ಹಾಗೆ ಹೋಗುವವರಿಗಾಗಿ ಬೆಳಗ್ಗೆ ಹುದಿಕೇರಿಯಿಂದ ಹೊರಡುತ್ತಿದ್ದ ಬಸ್ಸಿನ ಕಂಡಕ್ಟರ್ ನಾನು, ಸಿದ್ದರಾಜು. ಡ್ರೈವರ್ ಚೆನ್ನಯ್ಯ. ನಮ್ಮವರು ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ಗದ್ದೆ ಮಾಡಿಕೊಂಡವರು. ಮನೆತನದಲ್ಲಿ ಖಾಕಿ ಶರಟು ಹಾಕಿ ತಿಂಗಳ ಸಂಬಳ ಎಣಿಸಿದ ಮೊದಲನೆಯವನು ನಾನೇ. ಹುದಿಕೇರಿಯ ನಮ್ಮ ಬಾಡಿಗೆ ಮನೆಯಲ್ಲಿ ಆ ಶರಟನ್ನು ನನ್ನ ಹೆಂಡತಿ ವನಜಮ್ಮ ಗಂಜಿ ಹಾಕಿ ಇಸ್ತ್ರಿ ಮಾಡಿ, ದೇವರ ಪಟದ ಪಕ್ಕದ ಗೂಟಕ್ಕೆ ನೇತುಹಾಕುತ್ತಿದ್ದಳು.

ಪೊನ್ನಂಪೇಟೆಯಲ್ಲಿ ಬಸ್ಸು ಏಳು ಇಪ್ಪತ್ತಕ್ಕೆ ನಿಂತು ಏಳು ಮೂವತ್ತೈದಕ್ಕೆ ಹೊರಡಬೇಕು. ಅಲ್ಲಿನ ಹೋಟೆಲಿನ ಮೂಲೆಯಲ್ಲೇ ನಮ್ಮ ಕಂಪೆನಿಯ ಬುಕಿಂಗ್ ಏಜೆನ್ಸಿ ಇದ್ದದ್ದರಿಂದ ಆ ಹದಿನೈದು ನಿಮಿಷ ನಿಲ್ಲಲೇಬೇಕು. ನಾನು ಪಾರ್ಸೆಲ್ ಇಳಿಸಿ ಹತ್ತಿಸುವಷ್ಟರಲ್ಲಿ ಜನ ತಿಂಡಿ ತಿಂದು ಬರಬೇಕು. ಅಲ್ಲಿಂದ ಹತ್ತೇ ನಿಮಿಷದ ದಾರಿ ಗೋಣಿಕೊಪ್ಪ. ಗೋಣಿಕೊಪ್ಪದಲ್ಲಿ ಇನ್ನೊಂದು ಕಂಪೆನಿಯ ಬಸ್ಸು ಇರುತ್ತಿತ್ತು, ಎಂಟು ಹೊಡೆಯಿತೆಂದರೆ ಮಡಿಕೇರಿಗೆ ಹೊರಟುಬಿಡುತ್ತಿತ್ತು. ಎಂಟಕ್ಕೆ ಮೊದಲು ನಾವು ಹೋದರೆ ಅಲ್ಲಿ ಕಾದಿರುವ ಜನ ನಮ್ಮ ಬಸ್ಸಿಗೆ. ಒಂದು ನಿಮಿಷ ತಡವಾದರೆ ಖಾಲಿ ಸೀಟು ಹೊತ್ತುಕೊಂಡು ಪಾಲಿಬೆಟ್ಟ, ಸಿದ್ದಾಪುರ ಎಲ್ಲ ಸುತ್ತಿ ಮಡಿಕೇರಿಗೆ ಹೋಗಬೇಕು. ಅಲ್ಲಿ ಮ್ಯಾನೇಜರ ಮುಖ ನೋಡಬೇಕು.

ಇಷ್ಟಕ್ಕೂ ಅಡ್ಡ ನಿಂತಿದ್ದವನು ಆ ಹೋಟೆಲಿನ ಸಪ್ಲೈಯರ್ ಬೆಳ್ಳಿಯಪ್ಪ.

ಐವತ್ತರ ಆಸುಪಾಸಿನ ತೆಳ್ಳನೆಯ ಮನುಷ್ಯ. ಎಡ ಹೆಗಲ ಮೇಲೆ ಬಿಳಿ ಟವೆಲು, ಕಾಲಿಗೆ ಚಪ್ಪಲಿ ಇಲ್ಲ. ನಮ್ಮ ಬಸ್ಸಿನ ಹಾರನ್ ಕೇಳಿದರೆ ಹೋಟೆಲಿನ ಬೆಕ್ಕು ಕೂಡ ಓಡುತ್ತಿತ್ತು, ಬೆಳ್ಳಿಯಪ್ಪ ಓಡುತ್ತಿರಲಿಲ್ಲ. ಒಂದೊಂದು ಬೆಂಚಿಗೂ ಆರು ಜನ. ಆರೂ ಜನ ಕೂತ ಮೇಲೆಯೇ ಬಂದು ಏನು ಬೇಕೆಂದು ಕೇಳುವನು. ಕೇಳಿ ಅಡಿಗೆಮನೆಗೆ ಹೋದವನು, ಆರೂ ತಟ್ಟೆ ತಯಾರಾಗುವ ತನಕ ಹೊರಗೆ ಬರುತ್ತಿರಲಿಲ್ಲ. ಐವರು ಇಡ್ಲಿ ಹೇಳಿ ಒಬ್ಬ ದೋಸೆ ಹೇಳಿದನೆನ್ನಿ, ಆ ದೋಸೆ ಕಾವಲಿಯಿಂದ ಏಳುವ ತನಕ ಐದು ತಟ್ಟೆ ಇಡ್ಲಿ ಒಳಗೇ ತಣ್ಣಗಾಗುತ್ತ ಕೂರಬೇಕು. ಆಮೇಲೆ ಆರೂ ತಟ್ಟೆಗಳನ್ನು ಎಡಗೈ ಉದ್ದಕ್ಕೂ ಜೋಡಿಸಿಕೊಂಡು ಬಂದು, ಬೆಂಚಿನ ಈ ತುದಿಯಿಂದ ಆ ತುದಿಗೆ ಒಂದೇ ಉಸಿರಿಗೆ ಇಟ್ಟುಕೊಂಡು ಹೋಗುವನು. ಇಡುವುದು ಮಾತ್ರ ಚೆಂದ. ತಟ್ಟೆ ಸದ್ದು ಮಾಡುತ್ತಿರಲಿಲ್ಲ, ಚಟ್ನಿ ಅಲುಗುತ್ತಿರಲಿಲ್ಲ. ಆದರೆ ನನಗೆ ಚೆಂದ ಕಟ್ಟಿಕೊಂಡು ಏನಾಗಬೇಕು? ನನಗೆ ಏಳು ಮೂವತ್ತೈದು ಆಗಬೇಕು!

ಮೊದಲ ವಾರವೇ ಜಗಳವಾಯಿತು.

"ಬೆಳ್ಳಿಯಪ್ಪಣ್ಣ, ಇಡ್ಲಿ ಆಗೈತಲ್ಲ, ಆದೋರಿಗೆ ಕೊಟ್ಬಿಡಿ. ದೋಸೆಯೋನು ಕಾಯ್ತಾನೆ."

"ಅದು ಹೇಗೆ ಆಗ್ತದೆ ಕಂಡಕ್ಟ್ರೆ? ಒಟ್ಟಿಗೆ ಕೂತಿದ್ದಾರಲ್ಲ."

"ಕೂತ್ರೆ ಏನಾಯ್ತು? ಅವ್ರೇನು ಅಣ್ಣತಮ್ಮಂದ್ರಾ?"

"ಒಬ್ಬ ತಿನ್ಲಿಕ್ಕೆ ಇನ್ನೊಬ್ಬ ಬಾಯಿ ನೋಡ್ಲಿಕ್ಕೆ, ಅದೆಂತ ಊಟ ಮಾರಾಯ್ರೆ? ಪಂಕ್ತಿಗೊಂದು ಮರ್ಯಾದೆ ಬೇಡವಾ?"

"ಇದು ಮದ್ವೆ ಮನೆ ಅಲ್ಲ, ಹೋಟ್ಲು!"

"ಬೆಂಚು ಉಂಟು, ಜನ ಕೂತಿದ್ದಾರೆ, ನಾನು ಬಡಿಸ್ತೇನೆ. ಮತ್ತೆಂತ ವ್ಯತ್ಯಾಸ?" ಎಂದವನೇ ಟವೆಲಿನಿಂದ ಮೇಜು ಒರೆಸುತ್ತ ಹೋದ.

ವಾದ ಮಾಡುವವನಾದರೆ ಕೂಗಿ ಗೆಲ್ಲಬಹುದು. ಇವನು ದನಿ ಏರಿಸುವುದೇ ಇಲ್ಲ. ಸೋತದ್ದು ನಾನೇ ಎಂದು ನೋಡುವವರಿಗೂ ಗೊತ್ತಾಗುತ್ತಿತ್ತು. ಅದಕ್ಕೇ ಇನ್ನಷ್ಟು ಉರಿ.

ಇವನು ಎಲ್ಲಿಯವನು, ಯಾಕೆ ಹೀಗೆ ಎಂದು ವಿಚಾರಿಸಿದೆ. ಭಾಗಮಂಡಲದ ಕಡೆಯ ಗೌಡರ ಮನೆಯವನು. ಆ ಸೀಮೆಯ ಮದುವೆ, ತಿಥಿ, ಗೃಹಪ್ರವೇಶ ಯಾವುದಕ್ಕೂ ಇವರ ಮನೆಯವರೇ ಬಡಿಸುವವರಂತೆ. ಎಂಟು ವರ್ಷದವನಿದ್ದಾಗ ಇವನ ಕೈಗೆ ನೀರಿನ ಚೊಂಬು ಕೊಟ್ಟರು. ಆಮೇಲೆ ಉಪ್ಪು, ಉಪ್ಪಿನಕಾಯಿ. ಪಲ್ಯಕ್ಕೆ ಬರಲು ಮೀಸೆ ಮೂಡಬೇಕಾಯಿತು. ಅನ್ನದ ಕುಕ್ಕೆ ಹಿಡಿಯುವ ಹೊತ್ತಿಗೆ ಮದುವೆಯೂ ಆಗಿ, ಹೆಂಡತಿ ಬೊಳ್ಳಮ್ಮ ತೀರಿಕೊಂಡದ್ದೂ ಆಗಿತ್ತು. ಮಕ್ಕಳಿರಲಿಲ್ಲ. ಗದ್ದೆಯನ್ನು ಅಣ್ಣನಿಗೆ ಬಿಟ್ಟು, ಯುದ್ಧದ ಕಾಲದಲ್ಲಿ ಪೊನ್ನಂಪೇಟೆಗೆ ಬಂದು ಈ ಹೋಟೆಲು ಸೇರಿದ. ಹೋಟೆಲಿನ ಹಿಂದಿನ ಕೋಣೆಯಲ್ಲೇ ವಾಸ. ಅವನ ಕೈ ಶುದ್ಧ, ಬಾಯಿ ಶುದ್ಧ, ಹನ್ನೆರಡು ವರ್ಷದಲ್ಲಿ ಒಂದು ಲೋಟ ಒಡೆದವನಲ್ಲ ಎಂದು ಹೋಟೆಲಿನ ಯಜಮಾನರು ಎಲ್ಲರ ಮುಂದೆ ಹೊಗಳುತ್ತಿದ್ದರು. ನನ್ನ ಬಸ್ಸು ಎಷ್ಟು ಸಲ ತಡವಾಯಿತು ಎಂಬ ಲೆಕ್ಕ ಅವರಿಗೆ ಬೇಕಿರಲಿಲ್ಲ.

ಹುಟ್ಟಿನಿಂದಲೇ ಮಂದ ಇರಬೇಕು ಎಂದುಕೊಂಡಿದ್ದೆ. ಆ ಸಮಾಧಾನವೂ ಉಳಿಯಲಿಲ್ಲ. ಒಂದು ಭಾನುವಾರ ಚೆಟ್ಟಳ್ಳಿ ಕಡೆಯ ಗೌಡರ ಮದುವೆಗೆ ಚೆನ್ನಯ್ಯ ನನ್ನನ್ನು ಕರೆದುಕೊಂಡು ಹೋಗಿದ್ದ. ಊಟಕ್ಕೆ ಕೂತೆ. ಇನ್ನೂರು ಎಲೆ. ಅನ್ನದ ಕುಕ್ಕೆ ಹಿಡಿದು ಬಂದವನನ್ನು ನೋಡುತ್ತೇನೆ, ನಮ್ಮ ಬೆಳ್ಳಿಯಪ್ಪ! ಹೋಟೆಲಿಗೆ ರಜೆ ಹಾಕಿ ಬಂದಿದ್ದ. ಬಗ್ಗಿದ ಬೆನ್ನು ನೇರ ಮಾಡದೆ ಸಾಲಿನ ಆ ತುದಿಯಿಂದ ಈ ತುದಿಗೆ ಹೋದ. ಸಾರಿನವನು, ಪಲ್ಯದವನು ಇವನ ಹಿಂದೆ ಓಡೋಡಿ ಬರಬೇಕಾಯಿತು. ನಾನು ಎಲೆಗೆ ನೀರು ಚಿಮುಕಿಸಿ ತಲೆ ಎತ್ತುವಷ್ಟರಲ್ಲಿ ಇನ್ನೂರು ಎಲೆಗೂ ಅನ್ನ ಬಿದ್ದಿತ್ತು. ಒಬ್ಬನೂ 'ನನಗೆ' ಎಂದು ಕೇಳಬೇಕಾಗಲಿಲ್ಲ.

"ನೋಡ್ದಾ? ಅವನ ಕೈ ಅಂದ್ರೆ ಕೈ," ಎಂದ ಚೆನ್ನಯ್ಯ.

ಅಯ್ಯೋ ಪಾಪಿ! ಕೈಯಲ್ಲಾಗದೆ ನಿಧಾನ ಮಾಡಿದರೆ ಕ್ಷಮಿಸಬಹುದು. ಇವನಿಗೆ ಆಗುತ್ತದೆ! ಬೇಕೆಂದೇ ನನ್ನ ಹೊಟ್ಟೆ ಉರಿಸುತ್ತಿದ್ದಾನೆ!

ಮರುದಿನದಿಂದ ನಾನೂ ಉಪಾಯ ಹೂಡಿದೆ. ಬಸ್ಸು ಹುದಿಕೇರಿ ಬಿಟ್ಟ ಕೂಡಲೇ, "ಎಲ್ರೂ ಕೇಳ್ಕಳಿ, ಇವತ್ತು ಪೊನ್ನಂಪೇಟೇಲಿ ಎಲ್ರೂ ಇಡ್ಲೀನೇ ತಿನ್ನಿ, ಬೇಗ ಆಗ್ತದೆ" ಎಂದು ಟಿಕೆಟ್ ಹರಿಯುತ್ತ ಸಾರಿದೆ. ತಿಮ್ಮಯ್ಯ ಎಂಬವರೊಬ್ಬರು ವಾರಕ್ಕೆ ಎರಡು ಸಲ ಕೋರ್ಟಿಗೆ ಹೋಗುತ್ತಿದ್ದರು. ತೋಟದ ಗಡಿಯ ವ್ಯಾಜ್ಯ. ಅವರು ಫೈಲಿನಿಂದ ತಲೆ ಎತ್ತಿ, "ಸಿದ್ದರಾಜು, ನಾನು ಟಿಕೆಟ್ ತಗೊಂಡಿರೋದು ನಿನ್ನ ಬಸ್ಸಿಗೆ. ನನ್ನ ಹೊಟ್ಟೆಗೆ ನೀನು ಕಂಡಕ್ಟರಾ?" ಎಂದರು. ಬಸ್ಸೆಲ್ಲ ನಕ್ಕಿತು. ಆ ದಿನ ಅವರು ಛಲಕ್ಕೆ ಬಿದ್ದು ಈರುಳ್ಳಿ ದೋಸೆ ಹೇಳಿದರು. ಅವರ ಬೆಂಚಿನ ಐದು ಜನರ ಇಡ್ಲಿ ಒಳಗೇ ಕೂತಿತು. ಗೋಣಿಕೊಪ್ಪಕ್ಕೆ ಹೋದಾಗ ಇನ್ನೊಂದು ಬಸ್ಸಿನ ಧೂಳು ಮಾತ್ರ ಇತ್ತು.

ಅದು ಆ ತಿಂಗಳಲ್ಲಿ ಎರಡನೆಯ ಸಲ. ಮಡಿಕೇರಿಯಲ್ಲಿ ಮ್ಯಾನೇಜರು ನನ್ನನ್ನು ನಿಲ್ಲಿಸಿಕೊಂಡು, ಕೂಗದೆ, ಮೆಲ್ಲಗೆ ಹೇಳಿದರು: "ಸಿದ್ದರಾಜು, ಇನ್ನೊಂದು ಸಲ ಅವರ ಬಸ್ಸು ನಮಗಿಂತ ಮುಂಚೆ ಗೋಣಿಕೊಪ್ಪ ಬಿಟ್ಟರೆ ಚೀಲ, ವಿಶಲ್ ಎರಡೂ ಈ ಮೇಜಿನ ಮೇಲಿಟ್ಟು ಮನೆಗೆ ಹೋಗು. ನಿನ್ನ ಜಾಗಕ್ಕೆ ಹತ್ತು ಜನ ಕಾದಿದ್ದಾರೆ."

ಬೆಳ್ಳಿಯಪ್ಪನ ಪಂಕ್ತಿಯ ಕತೆ ಅವರಿಗೆ ಏನೆಂದು ಹೇಳುವುದು? ಮನೆಗೆ ಹೋಗಿ ವನಜಮ್ಮನಿಗೂ ಹೇಳಲಿಲ್ಲ. ಅವಳು ಶರಟಿಗೆ ಗಂಜಿ ಹಾಕುತ್ತಿದ್ದಳು.

ಈಗ ಜಗಲಿಯ ವಿಷಯ ಹೇಳಬೇಕು. ಹೋಟೆಲಿನ ಒಳಗೆ ನಾಲ್ಕು ಬೆಂಚು. ಹೊರಗೆ ಮಣ್ಣಿನ ಜಗಲಿ. ನಮ್ಮ ಬಸ್ಸಿನಲ್ಲಿ ಎಸ್ಟೇಟಿನ ಲೈನಿನ, ಅಂದರೆ ಕೂಲಿಗಳ ಸಾಲುಮನೆಗಳ, ಜನವೂ ಬರುತ್ತಿದ್ದರು. ಅವರಲ್ಲಿ ಕೆಲವು ಜಾತಿಯವರು ಒಳಗೆ ಬರುವಂತಿರಲಿಲ್ಲ. ಜಗಲಿಯಲ್ಲಿ ಕೂತು, ಗೂಡಿನಲ್ಲಿ ಬೇರೆ ಇಟ್ಟಿದ್ದ ಲೋಟ ತೆಗೆದುಕೊಂಡು, ಕಾಫಿ ಕುಡಿದು, ತಾವೇ ತೊಳೆದು ಅಲ್ಲೇ ಇಡಬೇಕು. ಬೆಳ್ಳಿಯಪ್ಪನ ಲೆಕ್ಕದಲ್ಲಿ ಜಗಲಿ ಎಂದರೆ ಕೊನೆಯ ಪಂಕ್ತಿ. ಒಳಗಿನ ನಾಲ್ಕು ಬೆಂಚು ಮುಗಿಯದೆ ಅಲ್ಲಿಗೆ ಹೋಗನು. ಒಳಗಿನವರು ತಿಂದು ಬಸ್ಸು ಹತ್ತಿ ಕೂತರೂ ಜಗಲಿಯವರು ಕೈಯಲ್ಲಿ ಖಾಲಿ ಲೋಟ ಹಿಡಿದು ಕೂತಿರುತ್ತಿದ್ದರು. ಅದಕ್ಕೊಂದು ಐದಾರು ನಿಮಿಷ. ಬಿಟ್ಟುಹೋಗುವ ಹಾಗೂ ಇಲ್ಲ, ಟಿಕೆಟ್ ತೆಗೆದುಕೊಂಡವರಲ್ಲವೇ.

ಅಷ್ಟರಲ್ಲಿ ದಿಲ್ಲಿಯಲ್ಲಿ ಕಾನೂನಾಯಿತು. ಹೋಟೆಲಿನ ಒಳಗೆ ಯಾರನ್ನೂ ಜಾತಿ ನೋಡಿ ತಡೆಯುವಂತಿಲ್ಲ, ತಡೆದರೆ ಕೇಸು. ಯಜಮಾನರು ಹಲಗೆಯ ಮೇಲೆ 'ಎಲ್ಲರಿಗೂ ಪ್ರವೇಶವಿದೆ' ಎಂದು ಬರೆಸಿ ಬಾಗಿಲ ಮೇಲೆ ಹಾಕಿಸಿದರು. ಆರು ತಿಂಗಳಾದರೂ ಒಬ್ಬರೂ ಒಳಗೆ ಬಂದಿರಲಿಲ್ಲ. ಜಗಲಿಯವರಿಗೆ ಓದಲು ಬರುತ್ತಿರಲಿಲ್ಲ, ಓದಿ ಹೇಳಲು ಯಾರೂ ಹೋಗಿರಲಿಲ್ಲ.

ಮ್ಯಾನೇಜರು ಬೈದ ಮಾರನೆಯ ದಿನ ಆ ಹಲಗೆ ನನ್ನ ಕಣ್ಣಿಗೆ ಬಿತ್ತು. ನನ್ನ ತಲೆಯಲ್ಲಿ ಬಂದದ್ದು ಗಾಂಧಿಯಲ್ಲ, ನ್ಯಾಯವಲ್ಲ. ಐದು ನಿಮಿಷ! ಜಗಲಿಯವರೂ ಒಳಗೆ ಕೂತರೆ ಒಂದು ಪಂಕ್ತಿ ಕಡಿಮೆ. ಇಷ್ಟು ದಿನ ಇದು ಹೊಳೆಯಲಿಲ್ಲವಲ್ಲ ಎಂದು ನನಗೆ ನಾನೇ ಬೈದುಕೊಂಡೆ.

ಆ ದಿನ ಜಗಲಿಗೆ ಬಂದವನು ಒಬ್ಬನೇ, ಗುಂಡ. ಹುದಿಕೇರಿ ಹತ್ತಿರದ ಎಸ್ಟೇಟಿನವನು. ಮಡಿಕೇರಿ ಆಸ್ಪತ್ರೆಯಲ್ಲಿದ್ದ ತಂಗಿ ಮುದ್ದಿಯನ್ನು ನೋಡಲು ಹೊರಟಿದ್ದ. ನಸುಕಿಗೇ ಲೈನಿನಿಂದ ನಡೆದು ಬಂದು ಬಸ್ಸು ಹಿಡಿದಿದ್ದ, ಹಿಂದಿನ ರಾತ್ರಿಯೂ ಒಲೆ ಹಚ್ಚಿರಲಿಲ್ಲ ಎಂದು ಟಿಕೆಟ್ ಕೊಡುವಾಗ ಹೇಳಿದ್ದ.

"ಏ ಗುಂಡ, ಜಗ್ಲೀಲಿ ಯಾಕೆ ಕೂರ್ತೀಯ? ಒಳಗೆ ಹೋಗಿ ಕೂತ್ಕೊ."

ಅವನು ನಾನು ತಮಾಷೆ ಮಾಡುತ್ತಿದ್ದೇನೆಂದು ತಿಳಿದು ನಕ್ಕ.

"ನಿಜ ಕಣೋ. ಅಲ್ಲಿ ಬೋರ್ಡ್ ಹಾಕವ್ರೆ ನೋಡು. ಎಲ್ಲರಿಗೂ ಪ್ರವೇಶ ಅಂತ. ಸರ್ಕಾರದ ಕಾನೂನು. ಯಾರೂ ಏನೂ ಅನ್ನಂಗಿಲ್ಲ."

"ಅಯ್ಯ, ಬೈತಾರೆ."

"ಬೈದ್ರೆ ನಾನಿಲ್ವಾ? ನಡಿ ನಡಿ, ಹೊತ್ತಾಯ್ತದೆ."

ನಾನಿಲ್ವಾ ಎಂದೆ. ಆ ಮಾತು ನನ್ನ ಬಾಯಿಂದಲೇ ಬಂದದ್ದು. ಅವನು ಕಾಲು ತೊಳೆದುಕೊಂಡು, ತಲೆಯ ವಸ್ತ್ರ ತೆಗೆದು ಕಂಕುಳಲ್ಲಿಟ್ಟುಕೊಂಡು, ಒಳಗೆ ಹೋಗಿ ಬಾಗಿಲ ಪಕ್ಕದ ಬೆಂಚಿನ ತುದಿಯಲ್ಲಿ ಅರ್ಧ ಕುಂಡೆ ಊರಿ ಕೂತ. ಆ ಬೆಂಚಿನಲ್ಲಿ ಮೊದಲೇ ಐವರಿದ್ದರು. ತಿಮ್ಮಯ್ಯನವರು ಒಮ್ಮೆ ನೋಡಿ, ಫೈಲನ್ನು ಸ್ವಲ್ಪ ಹತ್ತಿರಕ್ಕೆ ಎಳೆದುಕೊಂಡರು. ಯಾರೂ ಏಳಲಿಲ್ಲ. ಬೆಳ್ಳಿಯಪ್ಪ ಬಂದ. ಐವರನ್ನು ಕೇಳಿದ ಹಾಗೆಯೇ ಗುಂಡನನ್ನೂ ಕೇಳಿದ, "ನಿನಗೆ ಎಂತ?"

"ಇಡ್ಲಿ," ಎಂದ ಗುಂಡ. ದನಿ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಿದ.

ಆರೂ ಜನ ಇಡ್ಲಿ! ನನಗೆ ಕುಣಿಯುವಂತಾಯಿತು. ಏಳು ಇಪ್ಪತ್ತಾರು. ಈ ದಿನ ಗೆದ್ದೆ ಎಂದುಕೊಂಡು ಏಜೆನ್ಸಿಯ ಮೇಜಿನ ಬಳಿ ಪಾರ್ಸೆಲ್ ಚೀಟಿ ಬರೆಯತೊಡಗಿದೆ. ಆ ಮೇಜು ಯಜಮಾನರ ಗಲ್ಲಾಪೆಟ್ಟಿಗೆಗೆ ಅಂಟಿಕೊಂಡೇ ಇತ್ತು. ಆದ್ದರಿಂದ ಯಜಮಾನರು ಬೆಳ್ಳಿಯಪ್ಪನನ್ನು ಕರೆದು ಪಿಸುಗುಟ್ಟಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು.

"ಆ ತುದಿಯವನಿಗೆ ಏನೂ ಕೊಡ್ಬೇಡ. ಇಲ್ಲ ಅಂತಲೂ ಹೇಳ್ಬೇಡ, ಕೇಸಾಗ್ತದೆ. ಕೂತ್ಕೊಳ್ಲಿ. ಕೂತು ಕೂತು ಬೇಜಾರಾಗಿ ಅವನೇ ಎದ್ದು ಹೋಗ್ತಾನೆ. ಒಳಗೆ ಅಡಿಗೆಯವನಿಗೂ ಹೇಳಿದ್ದೇನೆ."

ಬೆಳ್ಳಿಯಪ್ಪ ಒಳಗೆ ಹೋದ. ಮಿಕ್ಕ ಮೂರು ಬೆಂಚಿಗೂ ಬಡಿಸಿದ. ಬಾಗಿಲ ಪಕ್ಕದ ಬೆಂಚಿನ ಸರದಿ ಬಂತು. ಐದು ತಟ್ಟೆ ಕೈ ಮೇಲೆ ಜೋಡಿಸಿಕೊಂಡು ಅಡಿಗೆಮನೆಯ ಹೊಸಲಿನಲ್ಲಿ ನಿಂತ. ಒಳಕ್ಕೆ ತಿರುಗಿ, "ಆರನೇದು?" ಎಂದ.

ಅಡಿಗೆಯವನು ಬೆನ್ನು ತಿರುಗಿಸಿ ಕಾವಲಿ ಉಜ್ಜತೊಡಗಿದ.

"ಆರನೇದು ಕೊಡಿ."

"ಆರನೇದು ಇಲ್ಲ," ಎಂದ ಅಡಿಗೆಯವನು.

ಬೆಳ್ಳಿಯಪ್ಪ ಅಲ್ಲೇ ನಿಂತ. ಮುಂದೆ ಬರಲಿಲ್ಲ, ಹಿಂದೆ ಹೋಗಲಿಲ್ಲ. ಐದು ತಟ್ಟೆಯ ಇಡ್ಲಿಯಿಂದ ಹಬೆ ಏಳುತ್ತಿತ್ತು. ಬೆಂಚಿನ ಆರು ಜನವೂ ಅದನ್ನೇ ನೋಡುತ್ತಿದ್ದರು.

"ಬೆಳ್ಳಿಯಪ್ಪ, ಅದೇನು ನಿಂತ್ಕೊಂಡೆ? ತಾ ಇಲ್ಲಿ," ಎಂದರು ತಿಮ್ಮಯ್ಯನವರು.

"ಒಂದು ಕಮ್ಮಿ ಉಂಟು."

"ಇದ್ದಷ್ಟು ಇಡು, ಮಾರಾಯ!"

"ಒಂದು ಕಮ್ಮಿ ಉಂಟು."

ಗೋಡೆಯ ಗಡಿಯಾರ ಏಳು ಮೂವತ್ತೆಂಟು ತೋರಿಸುತ್ತಿತ್ತು. ಮಿಕ್ಕ ಬೆಂಚಿನವರು ಕಾಫಿ ಮುಗಿಸಿ ಬಸ್ಸು ಹತ್ತುತ್ತಿದ್ದರು. ಚೆನ್ನಯ್ಯ ಒಂದು ಸಲ ಹಾರನ್ ಹೊಡೆದ. ಈ ಬೆಂಚಿನವರು ಬೆಳ್ಳಿಯಪ್ಪನಿಗೆ ಬೈಯತೊಡಗಿದರು. "ತಲೆ ಕೆಟ್ಟಿದೆಯಾ?" "ದುಡ್ಡು ಕೊಡಲ್ವಾ ನಾವು?" ಒಬ್ಬೊಬ್ಬರದು ಒಂದೊಂದು ಮಾತು. ಯಜಮಾನರಿಗೆ ಯಾರೂ ಒಂದು ಮಾತೂ ಹೇಳಲಿಲ್ಲ. ಅವರು ಗಲ್ಲಾಪೆಟ್ಟಿಗೆಯ ಮೇಲೆ ಕೈಯಿಟ್ಟುಕೊಂಡು, ಬಸ್ಸಿನ ಕಡೆ ನೋಡುತ್ತ, ಇದಕ್ಕೂ ತಮಗೂ ಸಂಬಂಧವೇ ಇಲ್ಲದಂತೆ ಕೂತಿದ್ದರು.

ಏಳು ನಲವತ್ತು. ಇನ್ನು ಐದು ನಿಮಿಷದಲ್ಲಿ ಹೊರಡದಿದ್ದರೆ ನನ್ನ ಕೆಲಸ ಹೋಯಿತು. ನನ್ನ ಕಣ್ಣ ಮುಂದೆ ಮ್ಯಾನೇಜರ ಮೇಜು ಬಂತು. ಆ ಕ್ಷಣದಲ್ಲಿ ನನ್ನ ಮುಂದೆ ಎರಡು ದಾರಿ ಇದ್ದವು. ಯಜಮಾನರ ಮುಂದೆ ನಿಂತು, 'ಬಾಗ್ಲ ಮೇಲೆ ಬೋರ್ಡ್ ಹಾಕೀರಿ, ಕೊಡಿ ಆ ಆರನೇ ತಟ್ಟೆ, ಇಲ್ಲಾಂದ್ರೆ ಪೊಲೀಸ್ ಸ್ಟೇಷನ್ ಇಲ್ಲೇ ಐತೆ' ಎಂದು ಕೂಗಬಹುದಿತ್ತು. ನನ್ನ ಗಂಟಲು ಎಂಥದೆಂದು ಹುದಿಕೇರಿಯಿಂದ ಮಡಿಕೇರಿ ತನಕ ಎಲ್ಲರಿಗೂ ಗೊತ್ತು. ಒಂದು ಕೂಗು ಸಾಕಾಗಿತ್ತು. ಆದರೆ ಯಜಮಾನರು ಕಂಪೆನಿಯ ಏಜೆಂಟರು. ಮ್ಯಾನೇಜರಿಗೆ ಅವರ ಒಂದು ಕಾಗದ ಹೋದರೂ ನನ್ನ ಕತೆ ಮುಗಿಯಿತು. ಇನ್ನೊಂದು ದಾರಿ ಸುಲಭವಾಗಿತ್ತು.

ನಾನು ಗುಂಡನ ಹತ್ತಿರ ಹೋದೆ.

"ಏಳೋ ಮಾರಾಯ. ಹೊರಗೆ ಕಾಫಿ ಕೊಡಿಸ್ತೀನಿ."

ಅವನು ತಲೆ ಎತ್ತಿ ನೋಡಿದ. "ಅಯ್ಯ, ನೀವೇ ಅಲ್ವ ಕೂರು ಅಂದಿದ್ದು?"

ವ್ಯಂಗ್ಯಕ್ಕೆ ಕೇಳಿದ್ದಲ್ಲ. ತಾನೇನಾದರೂ ತಪ್ಪು ಕೇಳಿಸಿಕೊಂಡೆನೋ ಎಂದು ನಿಜವಾಗಿ ಕೇಳಿದ್ದು. ನನ್ನ ಮೈಯಲ್ಲಿದ್ದ ಸಿಟ್ಟೆಲ್ಲ, ಇಷ್ಟು ದಿನ ಬೆಳ್ಳಿಯಪ್ಪನ ಮೇಲೆ, ಯಜಮಾನರ ಮೇಲೆ, ಗಡಿಯಾರದ ಮೇಲೆ ಕೂಡಿಟ್ಟದ್ದೆಲ್ಲ, ಆ ಹಸಿದ ಮನುಷ್ಯನ ಮೇಲೆ ಬಿತ್ತು.

"ಆಗ ಕೂರು ಅಂದೆ, ಈಗ ಏಳು ಅಂತೀನಿ! ನಿನ್ನೊಬ್ಬನಿಂದ ಇಡೀ ಬಸ್ಸು ಕಾಯ್ಬೇಕಾ? ಏಳು!"

ಗುಂಡ ಎದ್ದ. ಕಂಕುಳಲ್ಲಿದ್ದ ವಸ್ತ್ರ ತೆಗೆದು, ತಾನು ಕೂತಿದ್ದ ಬೆಂಚಿನ ಜಾಗವನ್ನು ಒರೆಸಿದ. ಎರಡು ಸಲ ಒರೆಸಿದ. ಆಮೇಲೆ ಯಾರನ್ನೂ ಮುಟ್ಟದಂತೆ ಮೈ ಓರೆ ಮಾಡಿಕೊಂಡು ಹೊರಗೆ ಹೋಗಿ ಬಸ್ಸು ಹತ್ತಿದ.

"ಸದ್ಯ! ಈಗಲಾದ್ರೂ ತಾ," ಎಂದರು ತಿಮ್ಮಯ್ಯನವರು ಕೈ ಉಜ್ಜಿಕೊಳ್ಳುತ್ತ.

ಬೆಳ್ಳಿಯಪ್ಪ ಐದು ತಟ್ಟೆಗಳನ್ನೂ ಹಿಂದಕ್ಕೆ ಕೊಂಡುಹೋಗಿ ಅಡಿಗೆಮನೆಯ ಕಟ್ಟೆಯ ಮೇಲಿಟ್ಟ. ಹೊರಗೆ ಬಂದು ಆ ಬೆಂಚಿನ ಮೇಜನ್ನು ಒರೆಸತೊಡಗಿದ, ಎಲ್ಲರೂ ಉಂಡು ಎದ್ದ ಮೇಲೆ ಒರೆಸುವ ಹಾಗೆ.

"ಏನೋ ಇದು?" ಎಂದು ಕೇಳಿದರು ತಿಮ್ಮಯ್ಯನವರು.

"ಕೂತವರಲ್ಲಿ ಒಬ್ಬನನ್ನು ಎಬ್ಬಿಸಿದ ಮೇಲೆ ಪಂಕ್ತಿ ಉಂಟಾ ಸ್ವಾಮಿ? ಮುಗೀತು. ನೀವೂ ಏಳಿ."

ಯಜಮಾನರು ಎದ್ದು ನಿಂತರು. ಅವರು ಕೂಗಿದ್ದನ್ನು ನಾನು ಅದೇ ಮೊದಲ ಸಲ ಕೇಳಿದ್ದು. "ಬೆಳ್ಳಿಯಪ್ಪ! ಕೊಡ್ತೀಯೋ, ಗಂಟು ಕಟ್ತೀಯೋ?"

ಬೆಳ್ಳಿಯಪ್ಪ ಮೇಜು ಒರೆಸುವುದನ್ನು ಪೂರ್ತಿ ಮುಗಿಸಿದ. ಅದರಲ್ಲೂ ಅವಸರವಿಲ್ಲ. ಹೆಗಲ ಟವೆಲನ್ನು ಮಡಿಸಿ ಗಲ್ಲಾಪೆಟ್ಟಿಗೆಯ ಪಕ್ಕ ಇಟ್ಟು, ಹಿಂದಿನ ಕೋಣೆಗೆ ಹೋದ. ಒಂದು ಬಟ್ಟೆಯ ಗಂಟು, ಒಂದು ಕೊಡೆ. ಹನ್ನೆರಡು ವರ್ಷದ ಸಂಸಾರ ಅಷ್ಟೇ. ಹಾಗೇ ನಡೆದು ಬಂದು ನಮ್ಮ ಬಸ್ಸಿನ ಹಿಂದಿನ ಸೀಟಿನಲ್ಲಿ, ಗುಂಡನ ಪಕ್ಕ, ಕೂತ.

ಬೆಂಚಿನ ಐವರೂ ಶಾಪ ಹಾಕುತ್ತ ಹೊಟ್ಟೆಗಿಲ್ಲದೆ ಎದ್ದು ಬಂದರು. ನಾನು ವಿಶಲ್ ಊದಿದೆ. ಏಳು ನಲವತ್ಮೂರು.

ದಾರಿಯಲ್ಲಿ ತಿಮ್ಮಯ್ಯನವರು ಕೊಡವ ತಕ್ಕಿನಲ್ಲೊಮ್ಮೆ ಕನ್ನಡದಲ್ಲೊಮ್ಮೆ ಬೆಳ್ಳಿಯಪ್ಪನಿಗೆ ಬೈಯುತ್ತಲೇ ಇದ್ದರು. ಅವನು ಕಿಟಕಿಯ ಹೊರಗೆ ನೋಡುತ್ತಿದ್ದ. ನಾನು ಟಿಕೆಟ್ ಹಿಡಿದು ಹಿಂದಕ್ಕೆ ಹೋಗಬೇಕಾಯಿತು.

"ಎಲ್ಲಿಗೆ?" ಎಂದೆ. ಅಣ್ಣ ಎನ್ನಲು ನಾಲಗೆ ಏಳಲಿಲ್ಲ.

"ಮಡಿಕೇರಿ ಒಂದು," ಎಂದ. ಅಷ್ಟೇ. ಬೈದಿದ್ದರೆ ನಾನೂ ಬೈಯುತ್ತಿದ್ದೆ. ನಿನ್ನ ಹಟದಿಂದಲೇ ಇಷ್ಟೆಲ್ಲ ಆಯಿತು, ನಿನ್ನ ಅನ್ನ ನೀನೇ ಒದ್ದೆ, ನನ್ನದನ್ನೂ ಒದೆಯಲು ನೋಡಿದೆ ಎಂದು ಹೇಳಲು ಮಾತುಗಳು ಸಿದ್ಧವಾಗಿದ್ದವು. ಅವನು ಚಿಲ್ಲರೆ ಕೊಟ್ಟು ಮತ್ತೆ ಕಿಟಕಿಯ ಕಡೆ ತಿರುಗಿದ. ಗುಂಡ ಕಾಲ ಬೆರಳು ನೋಡುತ್ತ ಕೂತಿದ್ದ.

ಗೋಣಿಕೊಪ್ಪ ತಲುಪಿದಾಗ ಏಳು ಐವತ್ಮೂರು. ಇನ್ನೊಂದು ಕಂಪೆನಿಯ ಬಸ್ಸು ಇನ್ನೂ ಇಂಜಿನ್ ಶುರು ಮಾಡಿರಲಿಲ್ಲ. ನಮ್ಮ ಬಸ್ಸು ಕಂಡದ್ದೇ ಜನ ನುಗ್ಗಿದರು. ಎರಡೇ ನಿಮಿಷದಲ್ಲಿ ಸೀಟು 'ಫುಲ್'. ಅಲ್ಲಿನ ನಮ್ಮ ಏಜೆಂಟ್ ನನ್ನ ಬೆನ್ನು ತಟ್ಟಿ, "ಇವತ್ತು ಗೆದ್ದೆ ಬಿಡು ಸಿದ್ದರಾಜು! ಮ್ಯಾನೇಜರಿಗೆ ಫೋನ್ ಮಾಡಿ ಹೇಳ್ತೀನಿ" ಎಂದ. ಕೆಲಸ ಉಳಿಯಿತು. ಖುಷಿಯಾಗಬೇಕಿತ್ತು. ಆಗಲಿಲ್ಲ.

ಎದುರಿನ ಅಂಗಡಿಗೆ ಓಡಿ ಎರಡು ಬನ್ನು ತಂದೆ. ಜನರನ್ನು ನೂಕಿಕೊಂಡು ಹಿಂದಿನ ಸೀಟಿಗೆ ಹೋಗಿ ಗುಂಡನ ಮುಂದೆ ಹಿಡಿದೆ.

"ತಗೋ ಗುಂಡ. ತಿನ್ನು. ನಿಧಾನಕ್ಕೆ ತಿನ್ನು."

ಅವನು ಬನ್ನು ನೋಡಿದ. ಆಮೇಲೆ ನನ್ನನ್ನು ನೋಡಿದ. ಮುಖದಲ್ಲಿ ಸಿಟ್ಟಿರಲಿಲ್ಲ, ಅದಿದ್ದಿದ್ದರೆ ಕೈಗೆ ತುರುಕಿಯಾದರೂ ಬರುತ್ತಿದ್ದೆ. ಅವನಿಗೆ ನನ್ನ ಬಗ್ಗೆ ನಿಜವಾಗಿಯೂ ಕಾಳಜಿಯಿತ್ತು.

"ಬೇಡ ಅಯ್ಯ," ಎಂದ. "ನೀವು ಬಸ್ ಬಿಡಿ. ನನ್ನಿಂದ ನಿಮಗೆ ಮತ್ತೆ ತಡ ಆಯ್ತದೆ."

ಹಿಂದೆ ನಿಂತಿದ್ದವರು "ಕಂಡಕ್ಟ್ರೆ, ರೈಟ್ ಹೇಳಿ" ಎಂದು ಕೂಗುತ್ತಿದ್ದರು. ಬನ್ನು ಎಡಗೈಯಲ್ಲೇ ಇತ್ತು. ಬಲಗೈಯಿಂದ ವಿಶಲ್ ಎತ್ತಿ ಊದಿದೆ. ಎಂಟಕ್ಕೆ ಇನ್ನೂ ನಾಲ್ಕು ನಿಮಿಷವಿತ್ತು. ಆ ವರ್ಷವೆಲ್ಲ ನಾವು ಅಷ್ಟು ಬೇಗ ಗೋಣಿಕೊಪ್ಪ ಬಿಟ್ಟದ್ದು ಅದೊಂದೇ ದಿನ.